ಕ್ಯಾಲ್ಸಿಯಂ ಎಂದು ಹೇಳಿದ ಗುಳಿಗೆ

ನನ್ನ ಮಗಳು ಓದಲು ಕಲಿತದ್ದು ಬೀದರಿನ ಅಂಗಡಿಗಳ ಬೋರ್ಡು ನೋಡಿ. ಆಗ ನಾವು ಚಿದ್ರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋಡೌನಿನ ಸ್ಟೋರ್‌ಕೀಪರ್, ನಾನು ಸರ್ಕಾರಿ ಪ್ರೌಢಶಾಲೆಯ ಕನ್ನಡ ಟೀಚರ್. ರವಿವಾರ ಮೂವರೂ ಸ್ಕೂಟರಿನಲ್ಲಿ ಹೊರಟರೆ ಅವಳು ಅಪ್ಪನ ಮುಂದೆ ನಿಂತು, ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದುತ್ತಿದ್ದಳು. ಗಾಡಿ ಮುಂದೆ ಹೋಗಿ ಒಂದು ಶಬ್ದ ಅರ್ಧಕ್ಕೇ ಉಳಿದುಹೋದರೆ, “ಪಪ್ಪಾ, ನಿಲ್ಲಸು, ಅದು ಅರ್ಧಾ ಉಳೀತು” ಎಂದು ಹಟ ಹಿಡಿಯುತ್ತಿದ್ದಳು. ಇವರು ನಿಜವಾಗಿಯೂ ಗಾಡಿ ತಿರುಗಿಸುತ್ತಿದ್ದರು. ಒಂದು ಕಿಲೋ ಸಕ್ಕರೆ ತರಲು ಹೋದವರು ಮನೆಗೆ ಬರಲು ಒಂದು ತಾಸು ಆಗುತ್ತಿತ್ತು.

ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಓದುವುದು ಮುಗಿದು ತಿದ್ದುವುದು ಶುರುವಾಯಿತು. ನಮ್ಮ ಓಣಿಯ ಮೂಲೆಯ ಅಂಗಡಿಯ ಬೋರ್ಡಿನ ಮೇಲೆ ‘ತಂಪು ಪಾನಿಯ’ ಎಂದು ಬರೆದಿತ್ತು. ಅವಳು ಒಂದು ದಿನ ಅಂಗಡಿಯವರ ಮುಂದೆ ಕೈ ಕಟ್ಟಿ ನಿಂತು, “ಕಾಕಾ, ಅದು ತಪ್ಪದ. ‘ನಿ’ಗೆ ದೀರ್ಘ ಬೇಕ್ರಿ” ಎಂದಳು.

“ಏ ಪೋರಿ, ಕುಡದ್ರ ತಂಪ ಆಗತದಿಲ್ಲ? ಸಾಕ್ ಬಿಡು” ಎಂದರು ಅವರು.

ಅವಳಿಗೆ ಸಾಕಾಗಲಿಲ್ಲ. ಮರುದಿನ ನಮ್ಮ ಕಿಟಕಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣದ ಡಬ್ಬಿ ತೆಗೆದುಕೊಂಡು ಹೋದಳು. ಅಂಗಡಿಯವರು ನಗುತ್ತಾ ಸ್ಟೂಲು ಹಾಕಿಕೊಟ್ಟರಂತೆ. ಕೆಂಪು ಅಕ್ಷರಗಳ ನಡುವೆ ಒಂದು ಹಸಿರು ದೀರ್ಘ ಬಂದು ಕೂತಿತು. ಆ ಅಂಗಡಿಗೆ ಹೋದವರೆಲ್ಲ ಅದೇನು ಎಂದು ಕೇಳಿದರೆ ಅವರು, “ಟೀಚರ್ ಮಗಳು ಇನ್‌ಸ್ಪೆಕ್ಷನ್ ಮಾಡ್ಯಾಳ್ರಿ” ಎನ್ನುತ್ತಿದ್ದರು.

ಮನೆಯಲ್ಲಿ ಅವಳ ಇನ್‌ಸ್ಪೆಕ್ಷನ್ ನನ್ನ ಮೇಲೆ. ನಾನು ತರಗತಿಯಲ್ಲಿ ಆಡುವ ಕನ್ನಡವೇ ಬೇರೆ, ಒಲೆಯ ಮುಂದೆ ಆಡುವ ಕನ್ನಡವೇ ಬೇರೆ ಎಂಬುದನ್ನು ಅವಳು ಬಹಳ ಬೇಗ ಕಂಡುಹಿಡಿದಳು. ನನ್ನ ಕನ್ನಡಕ ಮೂಗಿಗೇರಿಸಿ, ಸೀರೆಯ ಬದಲು ಟವೆಲ್ ಹೆಗಲಿಗೆ ಹಾಕಿ, “ಮಕ್ಕಳೇ, ದಯವಿಟ್ಟು ಗದ್ದಲ ಮಾಡಬೇಡಿ” ಎನ್ನುವಳು. ಆಮೇಲೆ ಟವೆಲ್ ಕಿತ್ತೆಸೆದು, “ಏ, ಹಾಲು ಉಕ್ಕಲಿಕತ್ತದ, ನೋಡಬಾರದೇನು, ಕಣ್ಣು ಎಲ್ಲವ ನಿಂದು!” ಎಂದು ನನ್ನದೇ ದನಿಯಲ್ಲಿ ಕೂಗುವಳು. ಇವರು ನಕ್ಕು ನಕ್ಕು ಕೆಮ್ಮುತ್ತಿದ್ದರು. ನಾನು ಸಿಟ್ಟು ಬಂದವಳ ಹಾಗೆ ನಟಿಸುತ್ತಿದ್ದೆ. ಆ ನಟನೆಯನ್ನೂ ಅವಳು ಕಲಿತುಕೊಂಡು ಮಾಡಿ ತೋರಿಸುತ್ತಿದ್ದಳು.

ಅವಳಿಗೆ ಹನ್ನೊಂದು ವರ್ಷವಿದ್ದಾಗ ದಸರಾ ರಜೆಗೆ ಚಿಂತಾಕಿಗೆ ಹೋಗಿದ್ದೆವು. ಅದು ನನ್ನ ಗಂಡನ ಊರು, ಔರಾದ ತಾಲ್ಲೂಕು. ನನ್ನ ಅತ್ತೆ ಅಲ್ಲಿಯೇ ಇದ್ದರು. ಮಗಳು ಅವರನ್ನು ಆಯಿ ಎನ್ನುತ್ತಿದ್ದಳು. ಅಂಗಳದ ತುಂಬ ಸೋಯಾಬೀನ್ ಒಣಹಾಕಿದ್ದರು. ಮುಂಜಾನೆ ಆಯಿ ರೊಟ್ಟಿ ಬಡಿಯುತ್ತಿದ್ದರು, ಅವಳು ಒಲೆಯ ಪಕ್ಕ ಕೂತು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದಳು. ತಿನ್ನುತ್ತಾ ತಿನ್ನುತ್ತಾ ಮಾತು ನಿಲ್ಲಿಸಿದಳು. ಕಣ್ಣು ಒಂದೇ ಕಡೆ ನಿಂತವು. ತಾಟು ಕೈಜಾರಿತು. ಆಮೇಲೆ ಅವಳ ಮೈಯೆಲ್ಲ ಸೆಟೆದು ನೆಲಕ್ಕೆ ಬಿತ್ತು, ಕೈಕಾಲು ಬಡಿಯತೊಡಗಿದವು.

ಆ ಎರಡು ಮೂರು ನಿಮಿಷಗಳಲ್ಲಿ ನಾವು ಮಾಡಬಾರದ್ದನ್ನೆಲ್ಲ ಮಾಡಿದೆವು. ಆಯಿ ಸಂದೂಕದ ಕಬ್ಬಿಣದ ಕೀಲಿಕೈ ತಂದು ಅವಳ ಮುಷ್ಟಿಗೆ ತುರುಕಿದರು. ಪಕ್ಕದ ಮನೆಯವರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ಕಾಲಿನ ಮೇಲೆ ಕೂತರು. ನಾಲಿಗೆ ಕಚ್ಚಿಕೊಳ್ಳುತ್ತಾಳೆ ಎಂದು ಯಾರೋ ಕೂಗಿದರು. ನಾನು ಒಂದು ಸ್ಟೀಲಿನ ಚಮಚ ತೆಗೆದುಕೊಂಡು ಅವಳ ಹಲ್ಲುಗಳ ನಡುವೆ ಬಲವಾಗಿ ತುರುಕಿದೆ. ಟಕ್ ಎಂದು ಸಪ್ಪಳವಾಯಿತು. ಮುಂದಿನ ಒಂದು ಹಲ್ಲಿನ ತುದಿ ಮುರಿದಿತ್ತು.

ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು, “ಮಮ್ಮಿ, ನನ್ನ ಹಲ್ಲಿಗೆ ಏನಾತು?”

“ಬಿದ್ದಿ ಬೇಟಾ” ಎಂದೆ. ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ನಿಜ ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಕೇಳಲು ಅವಳು ಇರಲಿಲ್ಲ.

ಬೀದರಿಗೆ ಬಂದು ಡಾಕ್ಟರಿಗೆ ತೋರಿಸಿದೆವು. ಅವರು ಹೈದರಾಬಾದಿಗೆ ಕಳಿಸಿದರು. ತಲೆಗೆ ವೈರು ಹಚ್ಚಿ ಪರೀಕ್ಷೆ ಮಾಡಿದರು. ಕಾಗದ ತೆಗೆದುಕೊಂಡು ಮತ್ತೆ ಬೀದರಿನ ಡಾಕ್ಟರ ಮುಂದೆ ಕೂತೆವು. ವಯಸ್ಸಾದವರು, ನಿಧಾನವಾಗಿ ಮಾತಾಡುವವರು.

“ಇದು ಮೂರ್ಛೆರೋಗ ರಿ, ಫಿಟ್ಸ್. ಮಿದುಳಿನಾಗ ಒಮ್ಮೊಮ್ಮೆ ಕರೆಂಟ್ ಹೆಚ್ಚುಕಡಿಮಿ ಆದಂಗ ತಿಳೀರಿ. ಗಾಳಿ ಅಲ್ಲ, ದೆವ್ವ ಅಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ. ಗುಳಿಗಿ ಒಂದ್ ಹೊತ್ತೂ ತಪ್ಪಸಬ್ಯಾಡ್ರಿ. ನಿದ್ದಿ ಕೆಡಸಬ್ಯಾಡ್ರಿ. ಮತ್ತ ಸಾಲಿಯವರಿಗೆ, ಸುತ್ತ ಇರೋರಿಗೆ ಹೇಳಿ ಇಡ್ರಿ.”

ಮೊದಲಿನ ಎರಡು ಮಾತನ್ನು ನಾವು ತಪ್ಪದೆ ಪಾಲಿಸಿದೆವು. ಮೂರನೆಯದನ್ನು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಬಿಟ್ಟೆವು. “ಯಾರಿಗೂ ಬ್ಯಾಡ್ರಿ. ಹೆಣ್ಣು ಹುಡುಗಿ” ಎಂದೆ ನಾನು. ಇವರು ಸ್ಕೂಟರ್ ಚಾಲು ಮಾಡಿದರು.

ಇದನ್ನು ಈಗ ಬರೆಯುವಾಗ ನನ್ನನ್ನು ನಾನು ಕಾಪಾಡಿಕೊಳ್ಳಲು ನೋಡುತ್ತಿಲ್ಲ, ಆದರೆ ನನ್ನ ಭಯ ಎಲ್ಲಿಂದ ಬಂತು ಎಂದು ಹೇಳಬೇಕು. ನಮ್ಮದು ಬೌದ್ಧ ಕುಟುಂಬ. ನನ್ನ ಅಪ್ಪ ಬೇರೆಯವರ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದವನು. ನಮ್ಮ ಬಳಗದಲ್ಲಿ ಸರ್ಕಾರಿ ಸಾಲೆಯ ಖುರ್ಚಿಯ ಮೇಲೆ ಕೂತ ಮೊದಲ ಹೆಣ್ಣುಮಗಳು ನಾನು. ಓದಿದವರ ಮನೆ ಎಂದರೆ ನಮ್ಮ ಮನೆ. ಏನಾದರೂ ಒಂದು ಕುಂದು ಸಿಕ್ಕಿದರೆ ಸಾಕು, ಎತ್ತಿ ಆಡಲು ಜನ ಕಾಯುತ್ತಿದ್ದಾರೆ ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು. ಯಾರಾದರೂ ನಿಜವಾಗಿ ಕಾಯುತ್ತಿದ್ದರೋ ಇಲ್ಲವೋ ನಾನು ಒಮ್ಮೆಯೂ ನೋಡಲಿಲ್ಲ.

ನನ್ನ ಸೊಂಟನೋವಿಗೆ ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿ ಮನೆಯಲ್ಲಿತ್ತು. ಅವಳ ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ಅದರಲ್ಲಿ ಹಾಕಿಟ್ಟೆ. ಯಾರಾದರೂ ಕೇಳಿದರೆ ಎಲುಬು ಗಟ್ಟಿಯಾಗಲು ಎಂದು ಹೇಳು ಎಂದು ಕಲಿಸಿದೆ.

“ನನ್ನ ಎಲುಬು ಗಟ್ಟಿ ಅವ ಅಲ್ಲ ಮಮ್ಮಿ?” ಎಂದಳು.

“ಅವ. ಆದ್ರೂ ಹಂಗ ಹೇಳು.”

ಗುಳಿಗೆ ಕೆಲಸ ಮಾಡಿದವು. ಮೊದಲ ವರ್ಷ ಎರಡು ಸಲ ಬಂತು, ಎರಡೂ ಸಲ ಮನೆಯಲ್ಲೇ. ಆಮೇಲೆ ವರ್ಷಗಟ್ಟಲೆ ಬರಲಿಲ್ಲ. ಆ ವರ್ಷಗಳನ್ನು ನೆನೆಸಿಕೊಂಡರೆ ಮನೆಯಲ್ಲಿ ಒಂದು ಕಾಯಿಲೆ ಇತ್ತು ಎಂದೇ ಅನ್ನಿಸುವುದಿಲ್ಲ. ಸೀತಾಫಲದ ಕಾಲ ಬಂದರೆ ಅಪ್ಪ ಮಗಳು ಬುಟ್ಟಿಯವರ ಹತ್ತಿರ ಚೌಕಾಸಿ ಮಾಡಿ ಒಂದು ಚೀಲ ತರುತ್ತಿದ್ದರು. ಮಾಳಿಗೆಯ ಮೇಲೆ ಕೂತು ತಿನ್ನುತ್ತಾ ಬೀಜವನ್ನು ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಇವರು ಗೆದ್ದದ್ದು ನನಗೆ ನೆನಪಿಲ್ಲ. ಮುರಿದ ಹಲ್ಲಿನ ಸಂದಿಯಿಂದ ಬೀಜ ನೆಟ್ಟಗೆ ಹೋಗುತ್ತದೆ ಎಂದು ಅವಳು ಜಂಬ ಕೊಚ್ಚುತ್ತಿದ್ದಳು. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ನನಗೆ ಆ ಮಾತು ಕೇಳಿಸುತ್ತಿತ್ತು.

ರಜೆ ಬಂದರೆ ಚಿಂತಾಕಿ. ಆಯಿ ಎಲ್ಲ ಕಡೆ ಹೆಬ್ಬೆಟ್ಟು ಒತ್ತುವವರು. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಇವಳು ಅವರನ್ನು ಹಿಡಿದು ಕೂಡಿಸಿದಳು. ಪಡಸಾಲೆಯ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಆಯಿಯ ಹೆಸರು ಬರೆದು, ಅದರ ಮೇಲೆಯೇ ಕೈಯಾಡಿಸಲು ಹಚ್ಚಿದಳು. ಬಹಳ ಕಠಿಣ ಟೀಚರ್. ಆಯಿ ಬೆನ್ನುನೋವು ಎಂದರೆ, “ಬೆನ್ನಿಲೆ ಬರೀತಿಯೇನು? ಕೈಲೆ ಬರಿ” ಎನ್ನುವಳು. ಒಂದು ತಿಂಗಳಿಗೆ ಆಯಿಗೆ ಹೆಸರು ಬಂತು. ಪಿಂಚಣಿಗೆ ಹೋದಾಗ ಶಾಯಿಯ ಪ್ಯಾಡನ್ನು ಪಕ್ಕಕ್ಕೆ ತಳ್ಳಿ, “ಪೆನ್ ಕೊಡ್ರಿ” ಎಂದರಂತೆ. ಆ ಕತೆಯನ್ನು ಆಯಿ ಎಷ್ಟು ಸಲ ಹೇಳಿದರೂ ಕೊನೆಗೆ “ನಮ್ಮ ಟೀಚರ್ ಹೊಡೀತಾಳ್ರಿ, ಅದಕ್ಕ ಕಲತೆ” ಎಂದು ಸೇರಿಸುತ್ತಿದ್ದರು.

ಹಾಗಾಗಿ ಅವಳು ಪಿಯುಸಿ ಮುಗಿಸಿ ಶಿಕ್ಷಕಿ ತರಬೇತಿಗೆ ಹೋಗುತ್ತೇನೆ ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಸೀಟು ಸಿಕ್ಕಿದ್ದು ಭಾಲ್ಕಿಯಲ್ಲಿ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ದಿನಾ ಹೋಗಿ ಬರಬಹುದಿತ್ತು. ಹಾಸ್ಟೆಲಿನಲ್ಲಿ ಇರುತ್ತೇನೆ ಎಂದು ಅವಳೇ ಹಟ ಮಾಡಿದಳು. ಕೊನೆಯ ಸಲ ಫಿಟ್ಸ್ ಬಂದು ಆರು ವರ್ಷವಾಗಿತ್ತು. ಡಾಕ್ಟರೂ, “ಗುಳಿಗಿ ನುಂಗಿಕೋತ ಎಲ್ಲಿ ಬೇಕಾದ್ರೂ ಇರ್ಲಿ, ಜೊತಿಗೆ ಇರೋರಿಗೆ ಗೊತ್ತಿರ್ಲಿ” ಎಂದರು.

ಹಾಸ್ಟೆಲಿನ ಅರ್ಜಿಯನ್ನು ನಾನೇ ತುಂಬಿದೆ. ನನ್ನ ಅಕ್ಷರ ದುಂಡಗೆ ಎಂದು ಮನೆಯ ಅರ್ಜಿಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಎರಡನೇ ಪುಟದಲ್ಲಿ ‘ವಿದ್ಯಾರ್ಥಿನಿಗೆ ಯಾವುದಾದರೂ ಕಾಯಿಲೆ ಇದೆಯೇ?’ ಎಂದಿತ್ತು. ಅವಳು ನನ್ನ ಭುಜದ ಮೇಲಿಂದ ಬಾಗಿ ನೋಡುತ್ತಿದ್ದಳು.

“ಬರಿ ಮಮ್ಮಿ” ಎಂದಳು.

“ಬರದ್ರ ರೂಮ್ ಕೊಡೂದಿಲ್ಲ. ಕೊಟ್ರೂ ಹುಡುಗ್ಯಾರು ದೂರ ಮಾಡ್ತಾರ.”

“ಎಲ್ಲಾರೂ ಹಂಗ ಇರೂದಿಲ್ಲ.”

“ನಿನಗ ಜಗತ್ತು ಗೊತ್ತಿಲ್ಲ” ಎಂದು ನಾನು ‘ಇಲ್ಲ’ ಎಂದು ಬರೆದೆ. ಅವಳು ತನ್ನ ಸಹಿ ಹಾಕಿ ಎದ್ದುಹೋದಳು.

ಭಾಲ್ಕಿಯ ಒಂದೂವರೆ ವರ್ಷ ಅವಳು ಸುಖವಾಗಿದ್ದಳು. ಅದನ್ನು ನಾನು ಮತ್ತೆ ಮತ್ತೆ ನನಗೇ ಹೇಳಿಕೊಳ್ಳುತ್ತೇನೆ. ಶನಿವಾರ ಸಂಜೆ ಬಸ್ಸಿಳಿದು ಬಂದರೆ ಚಹಾ ಕುಡಿಯುವ ಮೊದಲೇ ಶುರು. ವಾರ್ಡನ್ ಬಾಯಿ ಹೇಗೆ ನಡೆಯುತ್ತಾರೆ, ಅಡುಗೆಯವರು ಸಾರಿನ ಬಕೀಟು ಹೇಗೆ ಇಡುತ್ತಾರೆ, ರೂಮಿನ ಮೂವರು ಹುಡುಗಿಯರು ಹೇಗೆ ಗೊರಕೆ ಹೊಡೆಯುತ್ತಾರೆ, ಎಲ್ಲ ಮಾಡಿ ತೋರಿಸುವಳು. ಇವರು ಕೆಲಸದ ಬಟ್ಟೆಯನ್ನೂ ಬದಲಿಸದೆ ಕೂತು ಕೇಳುತ್ತಿದ್ದರು. ಪ್ರಾಕ್ಟೀಸಿಗೆಂದು ಪಾಠ ಮಾಡಲು ಕಳಿಸಿದ ಪ್ರಾಥಮಿಕ ಶಾಲೆಯಲ್ಲಿ ಒಂದು ಮಗು ಅವಳನ್ನು ಮೊದಲ ಬಾರಿಗೆ “ಟೀಚರ್” ಎಂದು ಕರೆದ ದಿನ ಅವಳು ಭಾಲ್ಕಿಯಿಂದ ಫೋನ್ ಮಾಡಿ, “ಮಮ್ಮಿ, ನಾ ಹಿಂದ ತಿರುಗಿ ನೋಡ್ದೆ, ನೀ ಬಂದೀ ಏನಂತ” ಎಂದಿದ್ದಳು.

ಎರಡನೇ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ನಮ್ಮ ಸಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು. ಫೋನ್ ಬಂತು. ವಾರ್ಡನ್. “ಟೀಚರ್, ನೀವಿಬ್ಬರೂ ಕೂಡಿ ಬರ್ರಿ. ಈಗೇ ಬರ್ರಿ” ಎಂದರು. ಏನಾಯಿತು ಎಂದು ಕೇಳಿದರೆ ಅತ್ತರು.

ಜೊತೆಯ ಹುಡುಗಿಯರು ನಾಷ್ಟಕ್ಕೆ ಕೆಳಗೆ ಹೋಗುವಾಗ ಅವಳು ಮಲಗಿದ್ದಳಂತೆ. ಓದಿ ತಡವಾಗಿ ಮಲಗಿದ್ದಾಳೆ, ಮಲಗಲಿ ಎಂದು ಬಿಟ್ಟಿದ್ದರು. ತಿರುಗಿ ಬಂದಾಗಲೂ ಹಾಗೇ ಬೋರಲು ಮಲಗಿದ್ದಳು. ಕೈಹಚ್ಚಿ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಅವಳಿಗೆ ಆಗ ಇಪ್ಪತ್ತು ತುಂಬಿ ಎರಡು ತಿಂಗಳು.

ಡಾಕ್ಟರು ಆಮೇಲೆ ವಿವರಿಸಿದರು. ಫಿಟ್ಸ್ ಇರುವವರಲ್ಲಿ ಅಪರೂಪಕ್ಕೆ ಹೀಗೆ ಆಗುತ್ತದೆ, ಹೆಚ್ಚಾಗಿ ನಿದ್ದೆಯೊಳಗೆ. ಗುಳಿಗೆ ತಪ್ಪಿದರೆ, ನಿದ್ದೆಗೆಟ್ಟರೆ ಅದರ ಅಪಾಯ ಹೆಚ್ಚು. ಇಷ್ಟು ವರ್ಷ ಅವರು ಇದನ್ನು ನಮಗೆ ಹೇಳಿದ್ದರೋ ಇಲ್ಲವೋ ನನಗೆ ನೆನಪಾಗಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ಮನೆಗೆ ಬಂದವರೆಲ್ಲ ಏನಾಯಿತು ಎಂದು ಕೇಳಿದರು. ನನ್ನ ಬಾಯಿಂದ ತಾನಾಗಿಯೇ ಬಂತು: “ಹಾರ್ಟ್ ಅಟ್ಯಾಕ್.” ಇಷ್ಟು ಸಣ್ಣ ವಯಸ್ಸಿಗೆ ಎಂದು ಎಲ್ಲರೂ ಮರುಗಿದರು. ಇವರು ಮೂಲೆಯಲ್ಲಿ ಕೂತು ನನ್ನನ್ನು ನೋಡುತ್ತಿದ್ದರು.

ಎರಡು ವಾರ ಕಳೆದ ಮೇಲೆ ಅವಳ ರೂಮಿನ ಒಬ್ಬ ಹುಡುಗಿ ಅವಳ ಸಾಮಾನು ತೆಗೆದುಕೊಂಡು ಚಿದ್ರಿಗೆ ಬಂದಳು. ಎರಡು ಚೀಲ. ಬಟ್ಟೆ, ಪಾಠದ ಚಾರ್ಟುಗಳು, ಆ ಡಬ್ಬಿ. ಹುಡುಗಿ ನೀರು ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ಹೇಳಿದಳು.

“ಆಂಟಿ, ಒಂದು ಮಾತು ಹೇಳಬೇಕಾಗೇದ ರಿ. ಅದಕ್ಕ ಹದಿನೈದು ದಿನ ಮೊದಲು ಒಂದು ಮುಂಜಾನಿ ಅಕೀಗಿ ಕೈಕಾಲು ಬಡಕೊಂಡಂಗ ಆಗಿತ್ತು. ನಾ ಒಬ್ಬಾಕೇ ನೋಡೀನಿ. ಎಚ್ಚರ ಆದ ಮ್ಯಾಲ ಕೇಳ್ದೆ, ಕೆಟ್ಟ ಕನಸು ಬಿತ್ತು, ಯಾರಿಗೂ ಹೇಳಬ್ಯಾಡ ಅಂದಳು. ನಾ ಹೇಳ್ಲಿಲ್ರಿ.”

ಡಬ್ಬಿ ಎತ್ತಿ ನೋಡಿದೆ. ಇರಬೇಕಾದ್ದಕ್ಕಿಂತ ಬಹಳ ಗುಳಿಗೆ ಉಳಿದಿದ್ದವು.

“ಎಲ್ಲಾರ ಮುಂದ ನುಂಗತಿದ್ದಿಲ್ರಿ” ಎಂದಳು ಹುಡುಗಿ. “ಬಾತ್‌ರೂಮಿಗೆ ಒಯ್ದು ನುಂಗತಿದ್ದಳು. ಪರೀಕ್ಷಾ ಹೊತ್ತಿನಾಗ ರೂಮ್ ತುಂಬ ಹುಡುಗ್ಯಾರು. ಕ್ಯಾಲ್ಸಿಯಂ ಅಂತಿದ್ದಳಲ್ರಿ… ಒಂದ್ ಸಲ ನನ್ನ ಕಾಲು ನೋಯ್ತಿದ್ದವಂತ ನಾನೂ ಎರಡು ನುಂಗೀನಿ. ಇಡೀ ದಿನಾ ನಿದ್ದಿ. ಅಕಿ ನನ್ನ ಮ್ಯಾಲ ಎಷ್ಟು ಸಿಟ್ಟಾದಳು ರಿ! ಯಾಕಂತ ತಿಳೀಲಿಲ್ಲ.” ಅವಳು ಅಳತೊಡಗಿದಳು. “ನನಗ ಗೊತ್ತಿದ್ರ ನಾ ಫೋನ್ ಮಾಡ್ತಿದ್ದೆ ಆಂಟಿ. ಖರೇ ಮಾಡ್ತಿದ್ದೆ.”

ಅವಳು ಮಾಡುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಅವಳ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಇವರು ಎಲ್ಲವನ್ನೂ ಕೇಳಿದ್ದರು.

ನಮ್ಮ ಓಣಿಯ ವಿಹಾರದಲ್ಲಿ ಅವಳ ಪುಣ್ಯಾನುಮೋದನ ಇಟ್ಟುಕೊಂಡೆವು. ತೀರಿಹೋದವರ ನೆನಪಿಗೆ ನಮ್ಮಲ್ಲಿ ಮಾಡುವ ಕಾರ್ಯಕ್ರಮ ಅದು. ಬಿಳಿ ಬಟ್ಟೆ ಉಟ್ಟು ಜನ ಕೂಡಿದರು. ಬೀದರ, ಭಾಲ್ಕಿ, ಔರಾದ ಕಡೆಯ ಬಳಗವೆಲ್ಲ ಬಂದಿತ್ತು. ವಿಹಾರದ ಭಿಕ್ಷು ಭಂತೇಜಿ ಪಂಚಶೀಲ ಹೇಳಿಸಿದರು. ಇಬ್ಬರು ಮೂವರು ಹಿರಿಯರು ಎರಡು ಮಾತಾಡಿದರು. ಮುಗಿಯಿತು ಎನ್ನುವಾಗ ನನ್ನ ಗಂಡ ಎದ್ದು ನಿಂತರು. ಮೂವತ್ತು ಜನರ ಮುಂದೆ ಎಂದೂ ಬಾಯಿ ತೆರೆಯದ ಮನುಷ್ಯ.

“ನನ್ನ ಮಗಳು ಹಾರ್ಟ್ ಅಟ್ಯಾಕಿನಿಂದ ಸತ್ತಿಲ್ಲ ರಿ” ಎಂದರು. “ಅಕೀಗಿ ಫಿಟ್ಸ್ ಇದ್ದವು. ಮಿರ್ಗಿ ಅಂತೀರಲ್ಲ, ಅದೇ. ಒಂಬತ್ತು ವರ್ಷ ನಾವು ಮುಚ್ಚಿ ಇಟ್ಟೀವಿ. ಅಕಿ ಕೂಡ ಇರೋರಿಗೂ ಗೊತ್ತಿದ್ದಿಲ್ಲ. ಗೊತ್ತಿದ್ರ ಉಳೀತಿದ್ದಳೋ ಏನೋ, ನನಗ ತಿಳೀದು. ಆದ್ರ ಯಾರ ಮನ್ಯಾಗ ಇದು ಅದ, ಅವರು ಮುಚ್ಚಿ ಇಡಬ್ಯಾಡ್ರಿ. ಇಷ್ಟೇ ಹೇಳೂದಿತ್ತು.”

ಕೂತರು. ನನ್ನ ಮುಖ ಸುಟ್ಟಂತಾಯಿತು.

ಮನೆಗೆ ಬಂದು ನಾನು ಕೂಗಾಡಿದೆ. “ಸತ್ತ ಮಗಳ ಮರ್ಯಾದಿ ತೆಗದ್ರಿ. ನಾಕು ಮಂದ್ಯಾಗ ಅಕೀನ ರೋಗಿಷ್ಠಿ ಮಾಡಿದ್ರಿ” ಎಂದೆ.

“ರೋಗ ಇದ್ರ ಮರ್ಯಾದಿ ಹೋಗತದಂತ ಅಕೀಗಿ ಕಲಿಸಿದವರು ಯಾರು?” ಎಂದರು ಅವರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ನನಗೆ ಆಡಿದ ಅತಿ ಕಠೋರ ಮಾತು. ಆಡಿದ ಕೂಡಲೇ ಅವರೇ ಅತ್ತರು. ಆದರೂ ನಾನು ಅವರೊಡನೆ ಸುಮಾರು ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದೆ, ಎದ್ದುಹೋಗುತ್ತಿದ್ದೆ.

ಆ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಔರಾದಿನಿಂದ ಒಬ್ಬ ಹೆಂಗಸು ಬಂದಳು. ದೂರದ ಸಂಬಂಧ, ನನಗಿಂತ ಏಳೆಂಟು ವರ್ಷ ಸಣ್ಣವಳು. ವಿಹಾರಕ್ಕೆ ಬಂದಿದ್ದಳು. ಬಂದವಳು ಒಳಗೆ ಯಾರಿದ್ದಾರೆ ಎಂದು ಇಣುಕಿ ನೋಡಿ, ಬಾಗಿಲು ಮುಂದೆ ಮಾಡಿ, ನನ್ನ ಹತ್ತಿರ ಸರಿದು ಕೂತಳು.

“ಅಕ್ಕಾ, ನನಗೂ ಅದ” ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ. “ಏನದ?”

“ನಿಮ್ಮ ಮಗಳಿಗೆ ಇದ್ದದ್ದು. ಹದಿನಾರು ವರ್ಷಕ್ಕ ಶುರುವಾತು. ನನ್ನ ಮನಿಯವರಿಗೆ ಇನ್ನೂ ಗೊತ್ತಿಲ್ಲ. ತಲಿ ತಿರುಗಿ ಬೀಳ್ತಾಳಂತ ತಿಳಕೊಂಡಾರ. ಗುಳಿಗಿ ಹಿಟ್ಟಿನ ಡಬ್ಬ್ಯಾಗ ಇಟ್ಟು ನುಂಗತೇನಿ. ಅವತ್ತು ಭಾವ ನಿಂತು ಹೇಳಿದರಲ್ಲ, ಆವಾಗಿಂದ ನನಗ ನಿದ್ದಿ ಇಲ್ಲ. ನನಗೂ ಹಂಗ ಆದ್ರ ನನ್ನ ಮಕ್ಕಳಿಗಿ ಏನಂತ ಹೇಳ್ತಾರ?”

ಹಿಟ್ಟಿನ ಡಬ್ಬಿ ಎಂದು ಅವಳು ಹೇಳಿದಾಗ ನನ್ನೊಳಗೆ ಏನೋ ಸಡಿಲವಾಯಿತು. ಅವಳ ಕೈ ಹಿಡಿದುಕೊಂಡು ನಾನು ಎಲ್ಲವನ್ನೂ ಹೇಳಿದೆ: ಕ್ಯಾಲ್ಸಿಯಂ, ಅರ್ಜಿ, ಚಮಚ, ಹಲ್ಲು. ಯಾರ ಮುಂದೆಯೂ ಹೇಳಿರದ್ದನ್ನು ಹೇಳಿದೆ. ಸಂಜೆ ಇವರು ಬಂದಾಗ ನಾವಿಬ್ಬರೂ ಅತ್ತು ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದೆವು. ಇವರು ಒಳಗೆ ಹೋಗಿ ಮೂವರಿಗೂ ಚಹಾ ಮಾಡಿ ತಂದರು.

ಅಂದಿನಿಂದ ಫಿಟ್ಸ್ ಬಗ್ಗೆ ಜನರಿಗೆ ತಿಳಿಸಲು ನಾನೂ ಇವರೂ ಜೊತೆಯಾಗಿ ಹೊರಟೆವು. ಡಾಕ್ಟರ ಹತ್ತಿರ ಹೋಗಿ ನಾವು ಹೇಳಬೇಕಾದ್ದನ್ನೆಲ್ಲ ಸರಿಯಾಗಿ ಕಲಿತುಕೊಂಡೆವು. ತಿಂಗಳಿಗೆ ಒಂದು ಶನಿವಾರ, ಅರ್ಧ ದಿನದ ಸಾಲೆ ಮುಗಿಯುವ ಮೊದಲು, ಯಾವುದಾದರೂ ಒಂದು ಶಾಲೆ. ಮೊದಲನೆಯದು ಔರಾದಿನಲ್ಲಿ. ನನ್ನ ಹಳೆಯ ಸಹೋದ್ಯೋಗಿ ಅಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ಎಂಟು ಒಂಬತ್ತನೇ ಕ್ಲಾಸಿನ ಮಕ್ಕಳು ಜಮಖಾನೆಯ ಮೇಲೆ ಕೂತಿದ್ದರು. ಒಂದು ಚಮಚ ಎತ್ತಿ ತೋರಿಸಿ, “ಇದರಿಂದ ನಾನು ನನ್ನ ಮಗಳ ಹಲ್ಲು ಮುರಿದೆ” ಎಂದು ಶುರು ಮಾಡಿದೆ.

ಆಮೇಲೆ ಇವರು ಚಪ್ಪಲಿ ಬಿಟ್ಟು ಜಮಖಾನೆಯ ನಡುವೆ ಅಂಗಾತ ಮಲಗಿಬಿಟ್ಟರು. ಹೊಟ್ಟೆ ಬಂದ ದೊಡ್ಡ ಮೈ. “ಬರ್ರಿ, ನನಗ ಫಿಟ್ಸ್ ಬಂದಾವ. ಈಗೇನ್ ಮಾಡ್ತೀರಿ?” ಎಂದರು. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಒಬ್ಬ ಹುಡುಗಿ ಧೈರ್ಯ ಮಾಡಿ ಬಂದು ಭುಜ ಹಿಡಿದು ಎಳೆದಳು, ಅಲುಗಲಿಲ್ಲ. ಇನ್ನಿಬ್ಬರು ಬಂದರು. ಮೊಳಕಾಲು ಮಡಿಸಿ, ಹೆಗಲು ಹಿಡಿದು ಮಗ್ಗುಲಿಗೆ ಹೊರಳಿಸುವುದು ಹೇಗೆ, ತಲೆಯ ಕೆಳಗೆ ಚೀಲ ಇಡುವುದು ಹೇಗೆ, ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ಬಿದ್ದು ಅದುಮದೆ, ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂರುವುದು ಹೇಗೆ ಎಂದು ನಾನು ಹೇಳುತ್ತಾ ಹೋದೆ. ಐದು ನಿಮಿಷ ದಾಟಿದರೆ, ಇಲ್ಲವೆ ಒಂದರ ಹಿಂದೆ ಒಂದು ಬಂದರೆ ಆಂಬುಲೆನ್ಸ್. ಮಕ್ಕಳು ಸರದಿಯಲ್ಲಿ ಬಂದು ಇವರನ್ನು ಹೊರಳಿಸಿದರು. ಮನೆಗೆ ಬಂದಾಗ ಇವರ ಅಂಗಿಯ ಬೆನ್ನೆಲ್ಲ ಕೆಂಪು ಧೂಳು. ಝಾಡಿಸುತ್ತಾ, “ಆ ಪೋರಿಗೋಳು ನನ್ನ ಹೆಗಲ ಹರದಾಕ್ಯಾರ” ಎಂದರು. ಅವರು ನಕ್ಕದ್ದನ್ನು ಬಹಳ ದಿನಗಳ ಮೇಲೆ ಕಂಡೆ.

ಚಿಂತಾಕಿಯಲ್ಲಿ ಆಯಿಗೆ ಎಲ್ಲವನ್ನೂ ಹೇಳಿದೆವು. ಕೀಲಿಕೈಯಿಂದ ಏನೂ ಆಗುವುದಿಲ್ಲ, ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ ಎಂದು ಹೇಳುವಾಗ ಅವರು ನೊಂದುಕೊಳ್ಳುತ್ತಾರೆ ಎಂದು ಹೆದರಿದ್ದೆ. ಅವರು ಹಾಸುಗಲ್ಲಿನ ಮೇಲೆ ಕೈಯಾಡಿಸುತ್ತಾ, “ನನಗ ಅಷ್ಟೇ ಗೊತ್ತಿತ್ತು ನೋಡು. ಗೊತ್ತಿದ್ದದ್ದು ಮಾಡ್ದೆ” ಎಂದರು. ಊರಿನ ಹೆಂಗಸರನ್ನು ಅಂಗಳಕ್ಕೆ ಕರೆದು ಕೂಡಿಸಿದವರೂ ಅವರೇ.

ಭಾಲ್ಕಿಗೆ ಹೋಗಲು ಮಾತ್ರ ನನಗೆ ಎರಡು ವರ್ಷ ಬೇಕಾಯಿತು. ಹಾಸ್ಟೆಲಿನಲ್ಲಿ ಅದೇ ವಾರ್ಡನ್ ಇದ್ದರು. ನನ್ನನ್ನು ಕಂಡು ಎದ್ದುಬಂದು ತಬ್ಬಿಕೊಂಡರು. ನಾನು ಅವರ ಮುಂದೆ ಒಪ್ಪಿಕೊಂಡೆ, “ಆ ಅರ್ಜಿಯಾಗ ನಾನೇ ಸುಳ್ಳು ಬರದಿದ್ದೆ ರಿ. ನಿಮ್ಮ ತಪ್ಪು ಏನೂ ಇಲ್ಲ.”

“ಅದ ಅಂತ ಬರದಿದ್ರೂ ನಾ ರೂಮ್ ಕೊಡ್ತಿದ್ದೆ ಟೀಚರ್. ನನ್ನ ರೂಮಿನ ಬಾಜೂಕ ಕೊಡ್ತಿದ್ದೆ” ಎಂದರು ಅವರು. ಅವರು ಸಮಾಧಾನಕ್ಕೆ ಹೇಳಿದರು, ನನಗೆ ಅದರಿಂದ ಬಹಳ ನೋವಾಯಿತು. ಈಗ ಅಲ್ಲಿನ ಅರ್ಜಿಯ ಆ ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿದೆ: ‘ಕಾಯಿಲೆ ಇದೆ ಎಂದು ಬರೆದ ಕಾರಣಕ್ಕೆ ಪ್ರವೇಶ ನಿರಾಕರಿಸುವುದಿಲ್ಲ.’ ಆ ಸಾಲನ್ನು ಬರೆದುಕೊಟ್ಟದ್ದು ನಾನು. ಆ ವರ್ಷ ಇಬ್ಬರು ಹುಡುಗಿಯರು ‘ಇದೆ’ ಎಂದು ಬರೆದರು ಎಂದು ವಾರ್ಡನ್ ಫೋನಿನಲ್ಲಿ ಹೇಳಿದರು. ಇಬ್ಬರೂ ಓದುತ್ತಿದ್ದಾರೆ.

ಔರಾದಿನ ಆ ಹೆಂಗಸು ಗಂಡನಿಗೆ ಹೇಳಲು ಇನ್ನೂ ಬಹಳ ದಿನ ತೆಗೆದುಕೊಂಡಳು. ಹೋದ ಚಳಿಗಾಲದಲ್ಲಿ ಒಂದು ದಿನ ಫೋನ್ ಮಾಡಿ, “ಅಕ್ಕಾ, ಹೇಳೀನಿ. ನೀವು ಬರ್ರಿ” ಎಂದಷ್ಟೇ ಅಂದು ಇಟ್ಟುಬಿಟ್ಟಳು. ಏನು ಅನಾಹುತವಾಗಿದೆಯೋ ಎಂದು ನಾವಿಬ್ಬರೂ ಮೊದಲ ಬಸ್ಸು ಹಿಡಿದು ಹೋದೆವು. ಅವಳ ಗಂಡ ಬಾಗಿಲಲ್ಲೇ ನಿಂತಿದ್ದ. ರೈತ, ಮಾತು ಕಡಿಮೆ. ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದ.

“ಇಷ್ಟು ವರ್ಷ ನನ್ನ ಮಗ್ಗಲಾಗ ಮಲಗ್ಯಾಳ ರಿ, ನನಗ ಹೇಳಿಲ್ಲ” ಎಂದ. ಆಮೇಲೆ ನನ್ನ ಗಂಡನ ಕಡೆ ತಿರುಗಿ, “ಅದು ಬಂದಾಗ ನಾ ಏನ್ ಮಾಡಬೇಕ್ರಿ? ತೋರಸ್ರಿ” ಎಂದ.

ಇವರು ಅಲ್ಲಿಯೇ ಚಾಪೆಯ ಮೇಲೆ ಮಲಗಿದರು. ಅವನು ಮೊಳಕಾಲೂರಿ ಕೂತು, ಹೇಳಿದಂತೆ ಹೆಗಲಿಗೆ ಒಂದು ಕೈ, ಮೊಳಕಾಲಿಗೆ ಒಂದು ಕೈ ಇಟ್ಟು ಮೆಲ್ಲಗೆ ಹೊರಳಿಸಿದ. ಸರಿಯಾಯಿತೇ ಎಂದು ನನ್ನನ್ನು ನೋಡಿದ. ಸರಿ ಇತ್ತು. ಆದರೂ ಇನ್ನೊಮ್ಮೆ ಮಾಡುತ್ತೇನೆ ಎಂದ. ಅಡುಗೆಮನೆಯ ಬಾಗಿಲಿಗೆ ಒರಗಿ ಅವಳು ನೋಡುತ್ತಿದ್ದಳು.

ಊಟ ಮಾಡದೆ ಬಿಡಲಿಲ್ಲ. ಪುಂಡಿ ಪಲ್ಯ, ರೊಟ್ಟಿ, ಎಳ್ಳಿನ ಹಿಂಡಿ. ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಅವನು ನಮ್ಮ ಚೀಲದಲ್ಲಿ ಹಸಿ ತೊಗರಿಕಾಯಿ ತುಂಬಿಕೊಟ್ಟಿದ್ದ. ಬಸ್ಸಿನಲ್ಲಿ ಇವರು ಕಿಟಕಿಗೆ ಒರಗಿ ಕೂತು ಒಂದೆರಡು ಕಾಯಿ ಸುಲಿದು ತಿಂದರು, ನನಗೂ ಸುಲಿದು ಕೊಟ್ಟರು.

“ಆ ಮನುಷ್ಯನ ಕೈ ಬಾಳ ಹಗೂರ ಅದ” ಎಂದರು.

“ಹೂಂ ರಿ” ಎಂದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಹೊರಗೆ ಬಿಸಿಲಿನಲ್ಲಿ ತೊಗರಿಯ ಹೊಲಗಳು ಸಾಗುತ್ತಿದ್ದವು. ಬೀದರ ಬರುವವರೆಗೂ ನಾನು ಅವರನ್ನು ಎಬ್ಬಿಸಲಿಲ್ಲ.